ಗೋಣಿ ಹೊದಿಸಿದ ಪೆಟ್ಟಿಗೆ

“ತಣ್ಣಗಿನ ಎದೆಯವನ ಹತ್ತಿರ ಹೋಗಿ ನಾನೇನು ಪಡೆಯಲಿ, ಗುರುಗಳೇ?” ಎಂದು ಮರುಳಯ್ಯ ಕೇಳಿದ.

ಅವನ ಕೈಯಲ್ಲಿ ಅಣ್ಣನ ಮನೆಯಿಂದ ಬಂದ ಕಾಗದವಿತ್ತು. ಅಣ್ಣ ಆಸ್ಪತ್ರೆ ಸೇರಿದ್ದಾನೆ, ಒಮ್ಮೆ ನಿನ್ನ ಮುಖ ನೋಡಬೇಕೆನ್ನುತ್ತಾನೆ ಎಂದು ಮೊದಲ ಸಾಲಿನಲ್ಲೇ ಬರೆದಿತ್ತು. ಮರುಳಯ್ಯ ಮುಂದೆ ಓದದೆ ಮಡಿಸಿಬಿಟ್ಟಿದ್ದ. ಅವ್ವ ತೀರಿಕೊಂಡಾಗ, ಮಣ್ಣು ಮಾಡಿ ಮುಗಿದ ಮೇಲೆ ಹೇಳಿಕಳಿಸಿದವನು ಇದೇ ಅಣ್ಣ. ಏಳು ವರ್ಷವಾದರೂ ಆ ನೋವು ಆರಿರಲಿಲ್ಲ.

“ಅವನಲ್ಲಿ ಬೆಚ್ಚಗಿನದು ಒಂದು ಚೂರೂ ಇಲ್ಲ. ಮಠದಲ್ಲಿ ನನ್ನ ಪಾಡಿಗೆ ನಾನಿದ್ದರೆ ಮತ್ತೆ ನೋಯುವುದಾದರೂ ತಪ್ಪುತ್ತದೆ,” ಎಂದ.

ಗುರುಗಳು ಸುಲಿಯುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. “ಬಹಳ ಬುದ್ಧಿವಂತ ನೀನು. ನಿನ್ನಂಥವನೇ ಇನ್ನೊಬ್ಬನಿದ್ದ, ಕೇಳು,” ಎಂದು ಶುರುಮಾಡಿದರು.

ಬೆಟ್ಟದ ಮೇಲಿನ ಊರೊಂದರಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಉಬ್ಬಸ. ಹೊಗೆಯೂ ಆಗದು, ಚಳಿಯೂ ಆಗದು ಎಂದು ವೈದ್ಯರು ಹೇಳಿದರು. ಆ ಊರಿನವರು ಮೈ ಕಾಯಿಸುವುದು ಇದ್ದಿಲ ಕುಂಡದಿಂದ. ಅದನ್ನು ಹಿತ್ತಿಲಿಗೆ ಹಾಕಿ, ವ್ಯಾಪಾರಿ ಪಟ್ಟಣದಿಂದ ಮನೆ ಬೆಚ್ಚಗಿಡುವ ಯಂತ್ರ ತರಿಸಿದ. ಒಂದು ಪೆಟ್ಟಿಗೆ ಅಂಗಳದಲ್ಲಿ, ಇನ್ನೊಂದು ಕೋಣೆಯ ಗೋಡೆಗೆ, ನಡುವೆ ಕೊಳವೆ.

“ಬೆಂಕಿ ಎಲ್ಲಿದೆ?” ಎಂದು ವ್ಯಾಪಾರಿ ಕೇಳಿದ.

“ಬೆಂಕಿ ಇಲ್ಲ, ಯಜಮಾನರೇ,” ಎಂದ ಯಂತ್ರ ಕೂರಿಸಿದವನು. “ಎಂಥ ಚಳಿಗಾಳಿಯಲ್ಲೂ ಒಂದಿಷ್ಟು ಬಿಸಿ ಉಳಿದಿರುತ್ತದೆ. ಕೊಳವೆಯಲ್ಲಿ ಓಡುವ ದ್ರವ ಆ ಗಾಳಿಗಿಂತಲೂ ತಣ್ಣಗಿರುತ್ತದೆ, ಅದಕ್ಕೇ ಆ ಬಿಸಿ ಅದಕ್ಕೆ ದಕ್ಕುತ್ತದೆ. ಯಂತ್ರ ಅದನ್ನು ಒತ್ತಿ ಹಿಂಡಿ, ಬಿಸಿ ಹೆಚ್ಚಿಸಿ ಒಳಗೆ ಬಿಡುತ್ತದೆ.”

ವ್ಯಾಪಾರಿ ತಲೆಯಾಡಿಸಿದ. ನಂಬಲಿಲ್ಲ. ಆದರೂ ಕೋಣೆ ಬೆಚ್ಚಗಾಯಿತು. ಹೆಂಡತಿ ಎಷ್ಟೋ ದಿನದ ಮೇಲೆ ಮಲಗಿಯೇ ನಿದ್ದೆ ಮಾಡಿದಳು.

ಹಿಮ ಬೀಳುವ ತಿಂಗಳು ಬಂತು. ಆ ತಿಂಗಳು ಅಂಗಳದಲ್ಲಿರುವುದಕ್ಕೆಲ್ಲ ಗೋಣಿ ಹೊದಿಸುವುದು ಆ ಊರಿನ ರೂಢಿ. ಕೋಸಿನ ಸಸಿಗೂ ಹೊದಿಸುತ್ತಾರೆ, ನಲ್ಲಿಗೂ ಹೊದಿಸುತ್ತಾರೆ, ಕರುವಿಗಂತೂ ಸರಿಯೇ. ವ್ಯಾಪಾರಿ ಎರಡು ದಿನದ ಮಟ್ಟಿಗೆ ಬೆಟ್ಟವಿಳಿದು ಸಂತೆಗೆ ಹೋಗಬೇಕಿತ್ತು. ಬೆಳಿಗ್ಗೆ ಹೊರಡುವಾಗ ಪೆಟ್ಟಿಗೆಯನ್ನು ಮುಟ್ಟಿ ನೋಡಿದ. ಕೈ ಕೊರೆಯುವಷ್ಟು ತಣ್ಣಗಿತ್ತು, ಮೇಲೆ ಬಿಳಿ ಹಿಮ ಕೂತಿತ್ತು. ಪಾಪ, ಹೆಂಡತಿಯನ್ನು ಕಾಯುವುದು ಇದೇ ಅಲ್ಲವೇ ಎಂದುಕೊಂಡ. ನಾಲ್ಕು ಗೋಣಿ ಹೊದಿಸಿ, ಗಾಳಿ ನುಸುಳದಂತೆ ಹಗ್ಗ ಬಿಗಿದು ಹೊರಟ. ನಗಬೇಡ ಮರುಳಯ್ಯ, ಅವನು ಪ್ರೀತಿಯಿಂದಲೇ ಬಿಗಿದದ್ದು.

ಮಾರನೆಯ ಮಧ್ಯಾಹ್ನ ಅವನು ಬಂದಾಗ ಮನೆಯೆದುರು ಜನ ಸೇರಿದ್ದರು. ಕೋಣೆ ತಣ್ಣಗಾದಾಗ ಅವಳು ಚಳಿ ತಡೆಯಲಾರದೆ ಹಿತ್ತಿಲಿನಿಂದ ಇದ್ದಿಲ ಕುಂಡ ತಂದು, ಬಾಗಿಲು ಹಾಕಿಕೊಂಡು ಹೊತ್ತಿಸಿಕೊಂಡಿದ್ದಳು. ನೆರೆಯವರು ಬಾಗಿಲು ಮುರಿಯುವಷ್ಟರಲ್ಲಿ ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದ ಮೇಲೆ ಯಂತ್ರದವನು ಅಂಗಳದಲ್ಲಿ ಕೂತು ಹಗ್ಗ ಬಿಚ್ಚಿದ. ವ್ಯಾಪಾರಿ ಹೇಳಿದ, “ಚಳಿ ತಾಗದಿರಲಿ ಎಂದು ಹೊದಿಸಿದೆನಪ್ಪಾ.” ಯಂತ್ರದವನಿಗೆ ತಲೆಯೆತ್ತಲಾಗಲಿಲ್ಲ. “ಆ ಚಳಿಗಾಳಿಯಿಂದಲೇ ಇದು ಬಿಸಿ ತರಬೇಕಿತ್ತು, ಯಜಮಾನರೇ,” ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯನ ಕೈಯಲ್ಲಿದ್ದ ಕಾಗದ ಬೆವರಿಗೆ ಮೆತ್ತಗಾಗಿತ್ತು.

“ಗೋಣಿ ತೆಗೆದ ಮೇಲೆ ಯಂತ್ರ ನಡೆಯಿತೇ?” ಎಂದು ಕೇಳಿದ.

“ನಡೆಯದೇನು? ಸಂಜೆಯೊಳಗೆ ಮನೆಯೆಲ್ಲ ಬೆಚ್ಚಗಾಯಿತು.” ಗುರುಗಳು ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. “ನಿಮ್ಮಣ್ಣ ಯಾವ ಆಸ್ಪತ್ರೆಯಲ್ಲಿದ್ದಾನೆ ಅಂದೆ?”