ನೀರಿಗೆ ಶಾಶ್ವತ ಪರಿಹಾರ

ನಗರಸಭೆಯಲ್ಲಿ ನೀರಿನ ದೂರು ಕೇಳುವುದೂ ವಾಲ್ವ್ ತಿರುಗಿಸುವುದೂ ಎಐ ಏಜೆಂಟಿನ ಪಾಲಿಗೆ ಬಂತು. ಯಾವ ಸಾಧನವನ್ನು ಯಾವಾಗ ಬಳಸಬೇಕೆಂದು ಅದಕ್ಕೆ ಬರೆದುಕೊಡುವುದು ಗುಮಾಸ್ತೆ ನೀಲವ್ವನ ಕೆಲಸ. ಒಂದು ಸಾಧನಕ್ಕೆ ಆಕೆ ಬರೆದಳು: 'ಇದು ನಳ ಬಂದ್ ಮಾಡುತ್ತದೆ. ಮನೆಯವರೇ ಬೇಡವೆಂದರೆ ಮಾತ್ರ ಬಳಸು.'

"ಇದೇನ್ರಿ, ಕಟ್ಟಿಮ್ಯಾಲಿನ ಮಾತು?" ಎಂದರು ಕಮಿಷನರ್ ಸಾಹೇಬರು. ಅದನ್ನು ಹೊಡೆದುಹಾಕಿ ತಾವೇ ಬರೆದರು: 'ನೀರಿನ ಸಮಸ್ಯೆಗೆ ಸಮಗ್ರ ಹಾಗೂ ಶಾಶ್ವತ ಪರಿಹಾರ.'

ಏಜೆಂಟ್ ನಂಬಿತು. ನೀರು ಸಣ್ಣಗೆ ಬರುತ್ತದೆಂದು ದೂರಿದವರ ನಳವೆಲ್ಲ ಬಂದಾಯಿತು. ನೀಲವ್ವನ ಓಣಿಯೂ ಒಣಗಿತು.

"ವಾಕ್ಯ ಬದಲಿಸೋಣ್ರಿ ಸರ."

"ನನ್ನ ವಾಕ್ಯದಾಗ ಒಂದಕ್ಷರ ಮುಟ್ಟಬ್ಯಾಡ್ರಿ."

ನೀಲವ್ವ ಮುಟ್ಟಲಿಲ್ಲ. "ನಿಮ್ಮ ಮನಿ ಶವರ್‌ನಾಗ ನೀರು ಜೋರ ಬರ್ತದೇನ್ರಿ?" ಎಂದು ವಿಚಾರಿಸಿದಳು.

"ಎಲ್ಲಿ ಬರ್ತದ?"

"ಹಂಗಾರ ನೀವೂ ಒಂದು ದೂರು ಕೊಡ್ರಿ. ಏಜೆಂಟ್ ಶಾಶ್ವತ ಪರಿಹಾರ ಮಾಡ್ತದ."

ಸಾಹೇಬರು ಹೆಮ್ಮೆಯಿಂದ ದೂರು ಕೊಟ್ಟರು. ಮರುದಿನ ಸ್ನಾನವಿಲ್ಲದೆ ಕಚೇರಿಗೆ ಬಂದು, ಯಾರ ಮುಖವನ್ನೂ ನೋಡದೆ ತಿದ್ದಲು ಕುಳಿತರು. ಕಡೆಗೂ ಓಣಿಗೆ ನೀರು ಬರುತ್ತದೆಂದು ನೀಲವ್ವ ಆಸೆಯಿಂದ ಇಣುಕಿದಳು. ಹಳೆಯ ವಾಕ್ಯ ಹಾಗೆಯೇ ಇತ್ತು. ಅದರ ಕೆಳಗೆ ಹೊಸದೊಂದು ಸಾಲು: 'ಕಮಿಷನರ್ ಮನೆಗೆ ಇದನ್ನು ಬಳಸಬೇಡ.'

ಅಷ್ಟು ಸ್ಪಷ್ಟವಾದ ಸಾಲನ್ನು ಏಜೆಂಟ್ ಇಂದಿಗೂ ಚಾಚೂ ತಪ್ಪದೆ ಪಾಲಿಸುತ್ತಿದೆ. ನೀಲವ್ವನ ಓಣಿ ಟ್ಯಾಂಕರ್ ಕಾಯುತ್ತಿದೆ.