ಕೇಳದೆ ಹಚ್ಚಿದ ಕುಂಕುಮ

"ನನ್ನ ಉಪ್ಪಿನಕಾಯಿಗೆ ಡಂಗುರ ಯಾಕೆ ಪ್ರಭು? ಹೆಸರು ಹೇಳಿದರೆ ಸಾಕು, ಅರ್ಧ ಊರು ಓಡಿ ಬರುತ್ತದೆ!"

ತುಂಬಿದ ಸಭೆಯಲ್ಲಿ ಮಾಚಲೆ ಹೀಗೆ ಹೇಳಿಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ದೊರೆ ಬೊಮ್ಮರಸನನ್ನು ನಗಿಸುವುದು ಅವಳ ಕೆಲಸ, ಉಪ್ಪಿನಕಾಯಿ ಮಾರುವುದು ಹೊಟ್ಟೆಪಾಡು. ಎರಡು ಕಡೆಯೂ ಅವಳಿಗೆ ಶತ್ರು ಒಂದೇ, ಸ್ವಂತ ಬಾಯಿ.

ದೊರೆ ಆಗಷ್ಟೇ ಹೊಸ ಕಟ್ಟಳೆ ಹೊರಡಿಸಿದ್ದ. ಕಾರಣ, ರಾಣಿಯ ತಮ್ಮ ಕಂಪಿಲಯ್ಯ. ಅವನ ಕೂದಲೆಣ್ಣೆಯನ್ನು ಸಾರುವವರು ಕೋಳಿ ಕೂಗುವ ಮೊದಲೇ ಮನೆಮನೆ ಬಾಗಿಲಲ್ಲಿ ತಮಟೆ ಬಡಿಯುತ್ತಿದ್ದರು. ಒಂದು ದಿನ ಅರಮನೆಯ ಕಿಟಕಿಯ ಕೆಳಗೂ ಬಡಿದರು. ದೊರೆ ಬೋಳುತಲೆ ಸವರಿಕೊಂಡು ಎದ್ದವನೇ ಕಟ್ಟಳೆ ಮಾಡಿದ: ಮನೆಯವರು ಒಪ್ಪದೆ ಯಾರ ಬಾಗಿಲಲ್ಲೂ ಸರಕು ಸಾರಬಾರದು. ಸಾರುವವನು ತಾನು ಯಾರ ಕಡೆಯವನೆಂದು ಹೇಳಬೇಕು. ಸಾಕು ಎಂದರೆ ಮತ್ತೆ ಆ ಕಡೆ ತಲೆ ಹಾಕಬಾರದು.

"ಸರಿ ಮಾಚಲೆ," ಎಂದ ದೊರೆ. "ಅರಮನೆ ಬಾಗಿಲ ಪಕ್ಕದ ಅಂಗಡಿ ಖಾಲಿಯಿದೆ. ಹುಣ್ಣಿಮೆಯ ಹೊತ್ತಿಗೆ ಬಾಗಿಲಲ್ಲಿ ಸಾರಲು ಯಾರಿಗೆ ಹೆಚ್ಚು ಮನೆಯವರು ಒಪ್ಪಿರುತ್ತಾರೋ ಅವರಿಗೆ ಅದು. ನೀನೋ, ಕಂಪಿಲಯ್ಯನೋ ನೋಡೋಣ. ಸೋತವರು ವ್ಯಾಪಾರ ಬಿಡಬೇಕು."

ಕಂಪಿಲಯ್ಯ ಮೀಸೆ ತಿರುವಿದ. ಮಾಚಲೆ ನಕ್ಕಳು.

ಅವಳು ಬಾವಿಕಟ್ಟೆಯ ಹತ್ತಿರದ ತನ್ನ ಪುಟ್ಟ ಅಂಗಡಿಯ ಮುಂದೆ ಎಲೆಯ ಮೇಲೆ ರುಚಿಗಿಷ್ಟು ಉಪ್ಪಿನಕಾಯಿ ಇಟ್ಟು ಕುಳಿತಳು. "ಹಿಡಿಸಿದರೆ ನಿಮ್ಮ ಮನೆಯದೊಂದು ಭರಣಿ ತಂದು ನನ್ನ ಅಂಗಡಿಯಲ್ಲಿಡಿ. ಹೊಸದು ಹಾಕಿದಾಗ ಹೇಳಿ ಕಳಿಸುತ್ತೇನೆ. ಬೇಡವಾದ ದಿನ ಭರಣಿ ಎತ್ತಿಕೊಂಡು ಹೋಗಿ, ಯಾಕೆ ಅಂತ ಕೇಳುವುದಿಲ್ಲ."

ಮೊದಲ ಭರಣಿ ಬಂದಿತು. ಅದು ಅವಳ ಅತ್ತೆಯದು.

"ನಿನ್ನ ಕೈರುಚಿಗಲ್ಲ ಕಣೇ," ಎಂದಳು ಅತ್ತೆ. "ಪ್ರತಿ ಸಲ ಉಪ್ಪು ಎಷ್ಟು ಜಾಸ್ತಿಯಾಯಿತು ಅಂತ ಊರಿಗಿಂತ ಮೊದಲು ನನಗೆ ಗೊತ್ತಾಗಬೇಕು."

ಆಮೇಲೆ ಒಂದೊಂದಾಗಿ ಬಂದವು. ಮಾಚಲೆ ಉಬ್ಬಿಹೋದಳು. ಮಾವಿನಮಿಡಿ ಹಾಕಿದ ದಿನ ಮನೆಮನೆಗೆ ತಾನೇ ಹೋಗಿ, ಮಿಡಿಯ ಮಹಿಮೆಯ ಮೇಲೆ ಸ್ವಂತ ಪದ್ಯ ಹಾಡಿದಳು. ಸಂಜೆಯೊಳಗೆ ಆರು ಭರಣಿ ವಾಪಸು ಹೋದವು. ಕೊನೆಯದನ್ನು ಒಯ್ದ ನೇಕಾರರ ಗಂಗಕ್ಕ ಸಂಕೋಚದಿಂದ ಹೇಳಿದಳು, "ಉಪ್ಪಿನಕಾಯಿ ಚೆನ್ನಾಗಿದೆ ತಾಯಿ. ಪದ್ಯ ಜೀರ್ಣವಾಗಲಿಲ್ಲ."

ಅಂದಿನಿಂದ ಮಾಚಲೆ, "ನಾನು ಮಾಚಲೆ. ನಿಂಬೆಕಾಯಿ ಸಿದ್ಧವಿದೆ," ಎಂದಷ್ಟೇ ಹೇಳಿ ಬರತೊಡಗಿದಳು. ಸಭೆಯಲ್ಲಿ ಇಷ್ಟು ಕಡಿಮೆ ಮಾತಾಡಿದ್ದರೆ ಈ ಗತಿಯೇ ಬರುತ್ತಿರಲಿಲ್ಲ ಎಂದು ಹೆಜ್ಜೆಹೆಜ್ಜೆಗೂ ನೆನೆದಳು.

ಹುಣ್ಣಿಮೆ ಬಂದಾಗ ಅವಳ ಅಂಗಡಿಯಲ್ಲಿದ್ದದ್ದು ಮೂವತ್ತೇಳು ಭರಣಿ.

"ನನಗೆ ಐದು ಸಾವಿರ ಮನೆ ಒಪ್ಪಿವೆ!" ಎಂದು ಕಂಪಿಲಯ್ಯ ಸಭೆಯಲ್ಲಿ ಗುಡುಗಿದ.

"ಒಪ್ಪಿದ್ದು ಹೇಗೆ ಗೊತ್ತಾಯಿತು?" ದೊರೆ ಕೇಳಿದ.

"ಅರಿಶಿನ ಕುಂಕುಮಕ್ಕೆ ಕರೆಯಲು ಹೋದಾಗ ಮನೆಗೆ ಬೀಗವಿದ್ದರೆ ಹೆಂಗಸರು ಬಾಗಿಲಿಗೆ ಕುಂಕುಮ ಹಚ್ಚಿ ಬರುವುದಿಲ್ಲವೇ? ಕರೆದಂತೆಯೇ ಲೆಕ್ಕ. ನನ್ನವರೂ ಮನೆಮನೆ ಬಾಗಿಲಿಗೆ ಹಚ್ಚಿ ಬಂದರು. ಎಣ್ಣೆ ಬೇಡದವರು ಒರೆಸಬಹುದಿತ್ತು. ಒಬ್ಬರೂ ಒರೆಸಲಿಲ್ಲ. ಅಂದರೆ ಎಲ್ಲರೂ ಒಪ್ಪಿದರು!"

ಸಭೆ ತಲೆದೂಗಿತು. ಮಾಚಲೆಯೂ ತಲೆದೂಗಿದಳು.

"ಎಂಥ ಬುದ್ಧಿ! ನಾನು ದಡ್ಡಿ, ಒಬ್ಬೊಬ್ಬರನ್ನೇ ಕೇಳುತ್ತಾ ಕೂತೆ. ಕಂಪಿಲಯ್ಯನವರೇ, ಹಚ್ಚಿದ ಕುಂಕುಮ ಒರೆಸದಿದ್ದರೆ ಒಪ್ಪಿದಂತೆ. ಇದು ಖಂಡಿತ ತಾನೇ?"

"ಖಂಡಿತ."

"ಹಾಗಾದರೆ ನಾನು ಬದುಕಿದೆ! ಊರ ಬಾಗಿಲಿಗೆಲ್ಲ ನಿಮ್ಮವರು ಕುಂಕುಮ ಹಚ್ಚುತ್ತಿದ್ದುದನ್ನು ನೋಡಿ, ಬೆಳಿಗ್ಗೆ ನಿಮ್ಮ ತಲೆಬಾಗಿಲಿಗೂ ಒಂದು ಬೊಟ್ಟು ಇಟ್ಟು ಬಂದೆ. ನೀವು ಎಣ್ಣೆ ವ್ಯಾಪಾರ ಬಿಟ್ಟು ಅಂಗಡಿ ನನಗೆ ಬಿಟ್ಟುಕೊಡಲು ಒಪ್ಪಿದ್ದೀರಿ ಅಂತ ಅದರ ಅರ್ಥ. ಬರುವಾಗ ನೋಡಿದೆ, ಇನ್ನೂ ಹಾಗೇ ಇದೆ."

ಕಂಪಿಲಯ್ಯ ಎದ್ದು ನಿಂತ. "ನಾನು ಯಾವಾಗ ಒಪ್ಪಿದೆ? ನನ್ನನ್ನು ಯಾರು ಕೇಳಿದರು?"

"ಬೇಡವಾದರೆ ಒರೆಸಬಹುದಿತ್ತಲ್ಲ?"

"ಬಾಗಿಲ ಕುಂಕುಮವನ್ನು ಯಾರಾದರೂ ಒರೆಸುತ್ತಾರೇನಮ್ಮ! ಅಪಶಕುನ! ನನ್ನ ಹೆಂಡತಿ ನನ್ನನ್ನು ಮನೆಯೊಳಗೆ ಸೇರಿಸುತ್ತಾಳೆಯೇ?"

"ಕೇಳಿದಿರಾ ಪ್ರಭು?" ಮಾಚಲೆ ಕೈಮುಗಿದಳು. "ಐದು ಸಾವಿರ ಮನೆಯವರ ಮಾತನ್ನು ಕಂಪಿಲಯ್ಯನವರೇ ಎಷ್ಟು ಚೆನ್ನಾಗಿ ಹೇಳಿದರು!"

ದೊರೆ ಸಿಂಹಾಸನದ ತೋಳು ಬಡಿಬಡಿದು ನಕ್ಕ. "ಅಂಗಡಿ ಮಾಚಲೆಗೆ. ಕಂಪಿಲಯ್ಯ, ನೀನು ಎಣ್ಣೆ ವ್ಯಾಪಾರ ಬಿಟ್ಟು, ಕುಂಕುಮ ಹಚ್ಚಿಸಿದ ಒಂದೊಂದು ಮನೆಗೂ ಹೋಗಿ ತಪ್ಪಾಯಿತೆನ್ನು. ಅಂಗಳ ಸಾರಿಸಿ ರಂಗೋಲಿ ಬಿಟ್ಟು ಬಾ."

"ನನಗೆ ರಂಗೋಲಿ ಬರುವುದಿಲ್ಲ ಪ್ರಭು!"

"ಕಲಿಯೋದಕ್ಕೆ ಐದು ಸಾವಿರ ಅಂಗಳ ಇದೆಯಲ್ಲ."

ನಗು ಅಡಗಿದ ಮೇಲೆ ದೊರೆ ಮಾಚಲೆಯ ಕಡೆ ತಿರುಗಿದ. "ನಾಳೆ ನಮ್ಮದೂ ಒಂದು ಭರಣಿ ಬರುತ್ತದೆ. ಆದರೆ ನಿಜ ಹೇಳು, ಬೇಡವೆಂದು ವಾಪಸು ಒಯ್ದರೆ ಯಾಕೆ ಅಂತ ಕೇಳುವುದಿಲ್ಲವೇ? ನಿನ್ನ ಕೈಲಿ ಸುಮ್ಮನಿರಲು ಆಗುತ್ತದೆಯೇ?"

"ಎಲ್ಲಿ ಆಗುತ್ತದೆ ಪ್ರಭು! ಅದಕ್ಕೇ ಭರಣಿ ಒಯ್ಯಲು ಯಾರಾದರೂ ಬಂದರೆ ಒಂದು ಇಡೀ ನಿಂಬೆಕಾಯಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಅದನ್ನು ಅಗಿದು ನುಂಗುವಷ್ಟರಲ್ಲಿ ಅವರು ಮನೆ ಸೇರಿರುತ್ತಾರೆ."