ಮನೆ ಹುಡುಕುತ್ತಿದ್ದ ದುಂಬಿ

ಕಾಡಂಚಿನಲ್ಲಿ ಕೇತಮ್ಮನದೊಂದು ತುಂಡು ತೋಟ. ಅಲ್ಲಿ ಮುದಿ ಅತ್ತಿಮರದ ನೆರಳಿನಲ್ಲಿ ಒಂದು ಕಾಫಿಗಿಡವಿತ್ತು. ಒಂದು ದಿನ ಪಟ್ಟೆ ಮೈಯ ದುಂಬಿಯೊಂದು ಬೇಲಿಯ ಬಿಸಿಲಿನಲ್ಲಿ ಕೂತು ಗಿಡವನ್ನು ಮಾತಾಡಿಸಿತು.

"ಆ ಮರ ನಿನ್ನ ಪಾಲಿನ ಬಿಸಿಲನ್ನೆಲ್ಲ ನುಂಗುತ್ತಿದೆ. ನಾಳೆ ಕೇತಮ್ಮ ಕೊಂಬೆ ಸವರಲು ಕತ್ತಿ ತಂದಾಗ ಮರದ ಬುಡಕ್ಕೇ ಏಟು ಹಾಕಿಸು."

"ಸಸಿಯಿಂದ ನನ್ನನ್ನು ಸಾಕಿದ ಮರ ಅದು," ಎಂದಿತು ಗಿಡ.

"ಮಡಿಲಲ್ಲೇ ಕೂತವರು ಬೆಳೆಯುವುದುಂಟೇ? ಆಚೆ ಗುಡ್ಡದಲ್ಲಿ ಮರ ಕಡಿದ ವರ್ಷ ಕಾಫಿಗಿಡಗಳು ಗೆಲ್ಲು ಬಾಗುವಷ್ಟು ಹಣ್ಣು ಬಿಟ್ಟಿದ್ದವು."

ಗಿಡಕ್ಕೆ ಆಸೆಯಾಯಿತು. "ಹತ್ತಿರ ಬಾ, ನನ್ನ ಗೆಲ್ಲಿನ ಮೇಲೆ ಕೂತು ಎಲ್ಲ ಹೇಳು."

"ನೆರಳು ನನ್ನ ಮೈಗಾಗದು. ಮರ ಬೀಳಲಿ, ಆಮೇಲೆ ನಿನ್ನ ಕಾಂಡ ಕೊರೆದು ಅಲ್ಲೇ ಬಿಡಾರ ಹೂಡುತ್ತೇನೆ."

"ಆಚೆ ಗುಡ್ಡದ ಗಿಡಗಳು ಈಗ ಹೇಗಿವೆ?"

"ಒಣಗಿ ಸೌದೆಯಾದವು," ಎಂದಿತು ದುಂಬಿ, ಮಾತಿನ ಭರದಲ್ಲಿ. "ಇಲ್ಲದಿದ್ದರೆ ನಾನೇಕೆ ಬೇರೆ ಮನೆ ಹುಡುಕುತ್ತಿದ್ದೆ?"

ಗಿಡ ತನ್ನ ಎಲೆಗಳನ್ನು ಮರದ ಕಡೆಗೆ ತಿರುಗಿಸಿಕೊಂಡಿತು.

ಮರುದಿನ ಕೇತಮ್ಮ ಬಂದು ಗಿಡದ ಎಲೆ ನೇವರಿಸಿದಳು. "ಏನು ಮಗಳೇ, ಬಿಸಿಲು ಸಾಲದೇನು? ಈ ಸಲ ಮರವನ್ನೇ ತೆಗೆದುಬಿಡಲಾ?"

"ಬೇಡಮ್ಮ. ವರ್ಷವೂ ಮಳೆಗೆ ಮೊದಲು ಮಾಡುವ ಹಾಗೆ ಕೊಂಬೆ ಸವರಿದರೆ ಸಾಕು."

ಕೇತಮ್ಮ ಮರ ಹತ್ತಿ ದಟ್ಟವಾದ ಎರಡು ಕೊಂಬೆ ಸವರಿದಳು. ಬಿಸಿಲು ಎಲೆಗಳ ಸಂದಿಯಿಂದ ಜರಡಿ ಹಿಡಿದಂತೆ ಇಳಿಯಿತು.

"ಬುಡಕ್ಕೆ ಏಟು ಯಾವಾಗ?" ಎಂದು ದುಂಬಿ ಬೇಲಿಯಿಂದ ಕೇಳಿತು.

"ಬೇರೆ ಕಡೆ ನೋಡಿಕೋ ಅಣ್ಣ," ಎಂದಿತು ಗಿಡ. "ಇಲ್ಲಿರುವ ಬಿಸಿಲು ನನಗೆ ಸಾಕು, ನಿನಗೆ ಸಾಲದು."